ಕಿವುಡು: ಕಿವಿಯ ಕೊರತೆಯೇ, ಭಾಷೆಯ ಕೊರತೆಯೇ?

ಬ್ಯಾಂಕಿನ ಕೌಂಟರಿನ ಮುಂದೆ ಆಗಾಗ ಕಾಣಸಿಗುವ ಒಂದು ದೃಶ್ಯವಿದೆ. ನಲವತ್ತರ ಆಸುಪಾಸಿನ ಗೃಹಸ್ಥರೊಬ್ಬರು ತಮ್ಮ ಅಣ್ಣನನ್ನೋ ಹೆಂಡತಿಯನ್ನೋ ಕರೆದುಕೊಂಡು ಬರುತ್ತಾರೆ. ಪಾಸ್‌ಬುಕ್ಕು ಅವರದು, ಸಹಿ ಅವರದು, ಖಾತೆಯಲ್ಲಿರುವ ಹಣವೂ ಅವರೇ ದುಡಿದು ಉಳಿಸಿದ್ದು. ಆದರೆ ಮಾತನಾಡುವವರು ಜೊತೆಗೆ ಬಂದವರು. ಗುಮಾಸ್ತರ ಪ್ರಶ್ನೆಯೂ ಅವರ ಕಡೆಗೇ ತಿರುಗುತ್ತದೆ: "ಇವರಿಗೆ ಎಷ್ಟು ಬೇಕಂತೆ?" ಖಾತೆದಾರರು ಇಬ್ಬರ ತುಟಿಗಳನ್ನೂ ನೋಡುತ್ತ ಸುಮ್ಮನೆ ನಿಂತಿರುತ್ತಾರೆ. ಎಟಿಎಂ ಕಾರ್ಡು ಕಳೆದುಹೋದರಂತೂ ಸಹಾಯವಾಣಿಗೆ ಫೋನು ಮಾಡಿ, ಹುಟ್ಟಿದ ತಾರೀಖು, ತಾಯಿಯ ಹೆಸರು ಮುಂತಾದ ಗುರುತುಗಳನ್ನು ಬಾಯಲ್ಲಿ ಹೇಳಬೇಕು. ತಮ್ಮನ ಹೆಸರಿನಲ್ಲಿ ಅದನ್ನೂ ಅಣ್ಣನೇ ಹೇಳುತ್ತಾನೆ. ಬ್ಯಾಂಕಿಂಗ್ ವ್ಯವಹಾರಕ್ಕೆ ತಳಹದಿಯಾದ ಗೋಪ್ಯತೆ ಎಂಬುದು ಈ ಖಾತೆದಾರರ ಪಾಲಿಗೆ ಇಲ್ಲವೇ ಇಲ್ಲ. ಅಣ್ಣ ಸಜ್ಜನನಾದರೆ ಸರಿ. ಆಗದಿದ್ದರೆ ಏನು ಗತಿ ಎಂದು ಯಾರೂ ಕೇಳುವುದಿಲ್ಲ.

ಈ ಗೃಹಸ್ಥರಿಗೆ ಬುದ್ಧಿಯ ಕೊರತೆಯಿಲ್ಲ, ಲೆಕ್ಕ ಬರುತ್ತದೆ, ಸಂಸಾರ ನಡೆಸುತ್ತಾರೆ. ಕಿವಿ ಕೇಳಿಸದು, ಅಷ್ಟೆ. ಹಾಗಿದ್ದರೂ ಅವರು ಜೀವಮಾನವಿಡೀ ಇನ್ನೊಬ್ಬರ ಬೆನ್ನ ಹಿಂದೆ ನಿಲ್ಲಬೇಕಾಗಿ ಬಂದದ್ದಕ್ಕೆ ಕಿವಿಯೊಂದೇ ಕಾರಣವೆಂದು ಹೇಳಲಾಗದು. ಎರಡು ಕೊರತೆಗಳು ಇಲ್ಲಿ ಹೆಣೆದುಕೊಂಡಿವೆ: ಒಂದು ಕಿವಿಯದು, ಇನ್ನೊಂದು ಭಾಷೆಯದು. ಮೊದಲನೆಯದು ವೈದ್ಯರ ಕ್ಷೇತ್ರ. ಎರಡನೆಯದು ಮನೆ, ಶಾಲೆ, ಕಚೇರಿ, ನ್ಯಾಯಾಲಯ ಎಲ್ಲಕ್ಕೂ ಸೇರಿದ್ದು. ಮೊದಲನೆಯದನ್ನು ಎಲ್ಲರೂ ಬಲ್ಲರು. ಎರಡನೆಯದನ್ನು ಬಲ್ಲವರು ವಿರಳ.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಶ್ರವಣದೋಷವುಳ್ಳವರ ಸಂಖ್ಯೆ ಸುಮಾರು 50 ಲಕ್ಷ. ಜಗತ್ತಿನಲ್ಲಿ ಸುಮಾರು 43 ಕೋಟಿ ಜನರಿಗೆ ಚಿಕಿತ್ಸೆ ಅಥವಾ ತರಬೇತಿ ಅಗತ್ಯವಾಗುವಷ್ಟು ಶ್ರವಣನಷ್ಟವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಂದಾಜು ಮಾಡಿತು. ವಯಸ್ಸಾದ ಮೇಲೆ ಕಿವಿ ಮಂದವಾದವರೂ ಈ ದೊಡ್ಡ ಸಂಖ್ಯೆಯಲ್ಲಿ ಸೇರಿದ್ದಾರೆ. ಅವರ ಕಷ್ಟ ಬೇರೆ ತೆರನಾದುದು. ಅವರಿಗೆ ಭಾಷೆ ಆಗಲೇ ಬಂದಿರುತ್ತದೆ. ಇಲ್ಲಿ ಹೇಳಹೊರಟಿರುವುದು ಮುಖ್ಯವಾಗಿ ಹುಟ್ಟಿನಿಂದಲೋ ಎಳೆಯ ವಯಸ್ಸಿನಿಂದಲೋ ಕಿವಿ ಕೇಳಿಸದವರ ವಿಷಯ.

'ಕಿವುಡ-ಮೂಗ' ಎಂಬ ಜೋಡಿ ಮಾತು ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಇವರಿಗಾಗಿ ತೆರೆದ ಶಾಲೆಗಳ ಹಲಗೆಯ ಮೇಲೂ ಅದೇ ಬರೆದಿರುತ್ತಿತ್ತು. ವಾಸ್ತವವಾಗಿ ಇವರಲ್ಲಿ ಬಹುತೇಕ ಎಲ್ಲರ ನಾಲಿಗೆ, ಗಂಟಲು, ಧ್ವನಿತಂತುಗಳು ನಮ್ಮನಿಮ್ಮವುಗಳಷ್ಟೇ ಸುಸ್ಥಿತಿಯಲ್ಲಿರುತ್ತವೆ. ಮಗು ಮಾತು ಕಲಿಯುವುದು ಕೇಳಿ ಕೇಳಿ. ಕೇಳಿಸದ ಮಗುವಿಗೆ ಮಾತು ತಾನಾಗಿ ಬರುವುದಿಲ್ಲ. ಎರಡನೆಯ ಪದವನ್ನು ಕಿವುಡರ ಸಂಘಗಳು ಬಹಳ ಹಿಂದೆಯೇ ತಿರಸ್ಕರಿಸಿವೆ. ನಮ್ಮ ಬಾಯಿಂದ ಅದು ಇನ್ನೂ ಪೂರ್ತಿಯಾಗಿ ಹೋಗಿಲ್ಲ.

ಕಿವಿಯ ವಿಚಾರ

ಕಿವಿಯ ದೋಷದಲ್ಲಿ ಸ್ಥೂಲವಾಗಿ ಎರಡು ಬಗೆ. ಹೊರಕಿವಿ ಮತ್ತು ನಡುಗಿವಿಯಲ್ಲಿ ಗುಗ್ಗೆ ಗಟ್ಟಿಯಾಗುವುದು, ಕೀವು ಸೋರುವುದು, ತಮಟೆ ತೂತಾಗುವುದು, ಸೂಕ್ಷ್ಮ ಮೂಳೆಗಳು ಬಿಗಿದುಕೊಳ್ಳುವುದು ಇತ್ಯಾದಿಗಳಿಂದ ಶಬ್ದ ಒಳಗೆ ತಲಪುವುದಿಲ್ಲ. ಇವುಗಳಲ್ಲಿ ಹೆಚ್ಚಿನವನ್ನು ಔಷಧದಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಸರಿಪಡಿಸಬಹುದು. ಎರಡನೆಯದು ಒಳಗಿವಿಯ ದೋಷ. ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡಿರುವ ಕಾಕ್ಲಿಯಾ ಎಂಬ ಭಾಗದಲ್ಲಿ ಹುಟ್ಟುವಾಗ ಸುಮಾರು 15 ಸಾವಿರ ರೋಮಕೋಶಗಳಿರುತ್ತವೆ. ಶಬ್ದದ ಕಂಪನವನ್ನು ನರಕ್ಕೆ ದಾಟಿಸುವುದು ಇವುಗಳ ಕೆಲಸ. ಒಮ್ಮೆ ಸತ್ತ ರೋಮಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ.

ಒಳಗಿವಿಯ ದೋಷಕ್ಕೆ ಕಾರಣಗಳು ಹಲವು. ಆನುವಂಶಿಕತೆ ಮುಖ್ಯವಾದುದು; ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ದಕ್ಷಿಣದ ಪದ್ಧತಿ ಇದಕ್ಕೆ ಎಡೆಗೊಡುತ್ತದೆ ಎಂಬುದನ್ನು ಕನ್ನಡಿಗರು ಮರೆಯುವಂತಿಲ್ಲ. ಗರ್ಭಿಣಿಗೆ ರುಬೆಲ್ಲಾ ತಗಲುವುದು, ಅವಧಿಗೆ ಮುಂಚಿನ ಹೆರಿಗೆ, ಎಳೆಗೂಸಿನ ತೀವ್ರ ಕಾಮಾಲೆ, ಮಿದುಳು ಪೊರೆಯ ಉರಿಯೂತ, ಮಂಗನಬಾವು, ದಡಾರ, ಸ್ಟ್ರೆಪ್ಟೋಮೈಸಿನ್ ಮತ್ತು ಜೆಂಟಮೈಸಿನ್‌ನಂತಹ ಕೆಲವು ಔಷಧಗಳು ಇನ್ನಿತರ ಕಾರಣಗಳು. ರುಬೆಲ್ಲಾದಿಂದ ಬರುವ ಕಿವುಡನ್ನು ಲಸಿಕೆಯಿಂದ ತಡೆಯಬಹುದು. 2017ರ ಫೆಬ್ರವರಿಯಲ್ಲಿ ದೇಶದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾದಾಗ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು.

ರೋಗಕ್ಕಿಂತ ದೊಡ್ಡ ಶತ್ರು ತಡ. ಮಗು ಕರೆದರೆ ತಿರುಗುವುದಿಲ್ಲ, ಪಾತ್ರೆ ಬಿದ್ದರೆ ಬೆಚ್ಚುವುದಿಲ್ಲ, ಒಂದು ವರ್ಷವಾದರೂ 'ಅಮ್ಮ' ಎನ್ನುವುದಿಲ್ಲ. ಮನೆಯ ಹಿರಿಯರು ಸಮಾಧಾನ ಹೇಳುತ್ತಾರೆ: "ಅವನ ಅಪ್ಪನಿಗೂ ಮೂರು ವರ್ಷಕ್ಕೇ ಮಾತು ಬಂದದ್ದು." ಈ ಪ್ರೀತಿಯ ಸಮಾಧಾನದಲ್ಲಿ ಕಳೆದುಹೋಗುವ ಎರಡು ಮೂರು ವರ್ಷಗಳು ಮತ್ತೆ ಸಿಗುವುದಿಲ್ಲ. ಏಕೆಂದರೆ ಭಾಷೆ ಮಿದುಳಿನಲ್ಲಿ ಬೇರೂರುವುದು ಆ ವರ್ಷಗಳಲ್ಲೇ. ಈಗ ಹುಟ್ಟಿದ ಮಗುವನ್ನೂ ಪರೀಕ್ಷಿಸಬಹುದು. ನಿದ್ದೆಯಲ್ಲಿರುವಾಗಲೇ ಕಿವಿಗೆ ಪುಟ್ಟದೊಂದು ಸಾಧನವಿಟ್ಟು ಒಳಗಿವಿಯ ಪ್ರತಿಧ್ವನಿಯನ್ನು ಅಳೆಯುವುದು ಒಂದು ವಿಧಾನ. ತಲೆಗೆ ತಂತಿಗಳನ್ನು ಅಂಟಿಸಿ ಶ್ರವಣನರದ ಸ್ಪಂದನವನ್ನು ದಾಖಲಿಸುವ 'ಬೇರಾ' ಪರೀಕ್ಷೆ ಇನ್ನೊಂದು. ಎರಡರಲ್ಲೂ ನೋವಿಲ್ಲ. ಒಂದು ತಿಂಗಳೊಳಗೆ ಮೊದಲ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಪರಿಹಾರದ ಆರಂಭ ಎಂಬುದು ತಜ್ಞರು ಒಪ್ಪಿರುವ ಕ್ರಮ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಮೇಲ್ಪಂಕ್ತಿ. ಮುಂಬಯಿಯ ಬಾಂದ್ರಾದಲ್ಲಿ 1983ರಲ್ಲಿ ಆರಂಭವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯೂ ಇದೇ ಕೆಲಸ ಮಾಡುತ್ತಿದೆ. ಸಿಕಂದರಾಬಾದ್, ಕೋಲ್ಕತ್ತ, ನೋಯ್ಡಾಗಳಲ್ಲಿ ಅದರ ಪ್ರಾದೇಶಿಕ ಕೇಂದ್ರಗಳಿವೆ.

ಶ್ರವಣಯಂತ್ರ ಶಬ್ದವನ್ನು ದೊಡ್ಡದು ಮಾಡುತ್ತದೆ. ಉಳಿದಿರುವ ಶ್ರವಣಶಕ್ತಿಗೆ ಅದು ಆಸರೆ. ಕಾಕ್ಲಿಯರ್ ಇಂಪ್ಲಾಂಟ್ ಎಂಬುದು ಕೆಟ್ಟುಹೋದ ರೋಮಕೋಶಗಳನ್ನು ಬಿಟ್ಟು ನೇರವಾಗಿ ನರಕ್ಕೇ ವಿದ್ಯುತ್ ಸಂಕೇತ ಕಳುಹಿಸುವ ಸಾಧನ. ಎಳವೆಯಲ್ಲಿ ಅಳವಡಿಸಿ, ಮುಂದೆ ವರ್ಷಗಟ್ಟಲೆ ತರಬೇತಿ ಕೊಟ್ಟಲ್ಲಿ ಎಷ್ಟೋ ಮಕ್ಕಳು ಸಾಮಾನ್ಯ ಶಾಲೆಯಲ್ಲಿ ಓದುವಷ್ಟು ಮಾತು ಕಲಿತಿದ್ದಾರೆ. ಬಡಮಕ್ಕಳಿಗೆ ಸರ್ಕಾರದ ನೆರವೂ ಇದೆ. ಆದರೆ ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಬಂಡವಾಳ ವೆಚ್ಚವನ್ನು ಮಾತ್ರ ನೋಡಿ ಆವರ್ತಕ ವೆಚ್ಚವನ್ನು ಮರೆತವರು ಇಲ್ಲಿ ಬಹಳ. ಹೊರಗೆ ಧರಿಸುವ ಭಾಗಕ್ಕೆ ಬ್ಯಾಟರಿ ಬೇಕು, ತಂತಿ ಬೇಕು, ವಾರಂಟಿ ಮುಗಿದ ಮೇಲೆ ದುರಸ್ತಿ ಬೇಕು. ಇವುಗಳಿಗೆ ಹಣ ಹೊಂದಿಸಲಾಗದೆ, ಲಕ್ಷಾಂತರ ರೂಪಾಯಿಯ ಸಾಧನ ತಲೆಯೊಳಗಿದ್ದೂ ಕೇಳಿಸದೆ ಉಳಿದ ಮಕ್ಕಳಿದ್ದಾರೆ. ಎಲ್ಲರಿಗೂ ಫಲ ಸಮನಾಗಿ ದೊರೆಯುವುದೂ ಇಲ್ಲ.

ಇನ್ನು ತುಟಿ ನೋಡಿ ಮಾತು ಗ್ರಹಿಸುವ ವಿದ್ಯೆ. ಇದು ಕಿವುಡರೆಲ್ಲರಿಗೂ ಸಹಜವಾಗಿ ಬರುತ್ತದೆ ಎಂದು ನಂಬಿರುವವರು ಕನ್ನಡಿಯ ಮುಂದೆ ನಿಂತು ಧ್ವನಿಯಿಲ್ಲದೆ 'ಬಳೆ' ಎನ್ನಲಿ, ಬಳಿಕ 'ಮಳೆ' ಎನ್ನಲಿ. 'ಬರ', 'ಮರ', 'ಪರ' ಎಂದು ನೋಡಲಿ. ತುಟಿಯ ಚಲನೆ ಒಂದೇ. ಕ, ಗ, ಹ ಮುಂತಾದುವು ಬಾಯಿಯ ಹಿಂಭಾಗದಲ್ಲಿ ಹುಟ್ಟುವುದರಿಂದ ಕಣ್ಣಿಗೆ ಬೀಳುವುದೇ ಇಲ್ಲ. ಭಾಷೆ ಆಗಲೇ ಬಲ್ಲವನು ಸಂದರ್ಭ ನೋಡಿ ಊಹಿಸಿಯಾನು. ಭಾಷೆಯನ್ನೇ ಕಲಿಯಬೇಕಾದ ಮಗು ಯಾವ ಆಧಾರದ ಮೇಲೆ ಊಹಿಸಬೇಕು?

ಮಿಲಾನಿನ ಠರಾವು

ಈ ಪ್ರಶ್ನೆಯನ್ನು ಕೇಳದೆಯೇ ತೀರ್ಮಾನ ಕೈಗೊಂಡ ಸಭೆಯೊಂದು ಇತಿಹಾಸದಲ್ಲಿದೆ. ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಪಾದ್ರಿ ಅಬೆ ದ ಲೆಪೆ ಎಂಬಾತ ಕಿವುಡ ಮಕ್ಕಳ ಕೈಸನ್ನೆಗಳನ್ನೇ ಆಧಾರವಾಗಿಟ್ಟುಕೊಂಡು ಪಾಠ ಹೇಳುವ ಶಾಲೆಯನ್ನು ಕಟ್ಟಿದನು. ಅದೇ ಶಾಲೆಯಲ್ಲಿ ಕಲಿತು ಅಲ್ಲೇ ಅಧ್ಯಾಪಕನಾದ ಲೊರಾಂ ಕ್ಲರ್ಕ್ ಎಂಬ ಕಿವುಡನು ಅಮೆರಿಕಕ್ಕೆ ಹೋಗಿ, ಥಾಮಸ್ ಗ್ಯಾಲುಡೆಟ್ ಎಂಬವರೊಡನೆ 1817ರಲ್ಲಿ ಹಾರ್ಟ್‌ಫರ್ಡ್ ನಗರದಲ್ಲಿ ಆ ದೇಶದ ಮೊದಲ ಕಾಯಂ ಕಿವುಡರ ಶಾಲೆಯನ್ನು ತೆರೆದನು. ಅಲ್ಲಿಂದ ಮುಂದೆ ಕಿವುಡರೇ ಕಿವುಡರಿಗೆ ಗುರುಗಳಾದ ಶಾಲೆಗಳು ಹಲವು ಬೆಳೆದವು.

1880ರ ಸೆಪ್ಟೆಂಬರಿನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಣದ ಅಂತರರಾಷ್ಟ್ರೀಯ ಸಮ್ಮೇಳನ ನೆರೆಯಿತು. ಬಂದಿದ್ದ 164 ಪ್ರತಿನಿಧಿಗಳಲ್ಲಿ ಕಿವುಡನಾಗಿದ್ದವನು ಒಬ್ಬನೇ. ಮಾತಿನ ಪದ್ಧತಿಯೇ ಶ್ರೇಷ್ಠ, ಸನ್ನೆಗಳು ತರಗತಿಯಿಂದ ತೊಲಗಬೇಕು ಎಂಬ ಠರಾವು ಭಾರೀ ಬಹುಮತದಿಂದ ಅಂಗೀಕಾರವಾಯಿತು. ಯಾರ ಬಾಳಿನ ಪ್ರಶ್ನೆಯೋ ಅವರ ಪರವಾಗಿ ಒಂದೇ ಮತ! ಷೇರುದಾರರನ್ನು ಹೊರಗಿಟ್ಟು ನಡೆಸಿದ ವಾರ್ಷಿಕ ಸಭೆಯ ಹಾಗಿತ್ತು ಅದು. ಠರಾವಿನ ಬೆನ್ನಿಗೇ ಯೂರೋಪಿನಲ್ಲೂ ಅಮೆರಿಕದಲ್ಲೂ ಕಿವುಡ ಅಧ್ಯಾಪಕರು ಕೆಲಸ ಕಳೆದುಕೊಂಡರು. ಸನ್ನೆ ಮಾಡಿದ ಮಕ್ಕಳ ಕೈ ಕಟ್ಟಿಸಿದ, ಬೆತ್ತದ ರುಚಿ ತೋರಿಸಿದ ಶಾಲೆಗಳೂ ಇದ್ದವು. ಅದೇ ಸಮ್ಮೇಳನದ ಪರಂಪರೆಯವರು ಆ ಠರಾವುಗಳನ್ನು ತಿರಸ್ಕರಿಸಿ ವಿಷಾದ ಸೂಚಿಸಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ. ನಡುವೆ 130 ವರ್ಷಗಳು ಸಂದಿದ್ದವು.

ನಮ್ಮ ದೇಶದ ಮೊದಲ ಕಿವುಡರ ಶಾಲೆಗಳು ತೆರೆದದ್ದು ಈ ಠರಾವಿನ ನೆರಳಿನಲ್ಲೇ. 1880ರ ದಶಕದ ಮಧ್ಯಭಾಗದಲ್ಲಿ ಮುಂಬಯಿಯಲ್ಲಿ, 1893ರಲ್ಲಿ ಕಲಕತ್ತೆಯಲ್ಲಿ, ಬಳಿಕ ಇತರೆಡೆಗಳಲ್ಲಿ. ತರಗತಿಯಲ್ಲಿ ಬಾಯಿ ತೆರೆಸಿ ಅಕ್ಷರ ಹೇಳಿಸುವುದೇ ಪಾಠವಾಯಿತು. ಒಂದೊಂದು ಉಚ್ಚಾರಣೆಗೆ ತಿಂಗಳುಗಳು ಹಿಡಿಯುತ್ತಿದ್ದುವು. ಅಷ್ಟರಲ್ಲಿ ಇತಿಹಾಸ, ಭೂಗೋಳ, ಗಣಿತಗಳೆಲ್ಲ ಹಿಂದೆ ಬೀಳುತ್ತಿದ್ದವು. ಹೀಗಿದ್ದರೂ ಸನ್ನೆ ಸಾಯಲಿಲ್ಲ. ಮಾಸ್ತರರು ಬೆನ್ನು ತಿರುಗಿಸಿದಾಗ, ಹಾಸ್ಟೆಲಿನಲ್ಲಿ ದೀಪ ಆರುವ ಮುನ್ನ, ಆಟದ ಬಯಲಿನಲ್ಲಿ ಹಿರಿಯ ಹುಡುಗರಿಂದ ಕಿರಿಯರಿಗೆ ಅದು ದಾಟುತ್ತ ಬಂದಿತು.

ಎಲ್ಲರೂ ಕೈಯಲ್ಲಿ ಮಾತನಾಡಿದ ದ್ವೀಪ

ಸನ್ನೆ ಎಲ್ಲರದೂ ಆದರೆ ಏನಾಗುತ್ತದೆ ಎಂಬುದಕ್ಕೆ ಒಂದು ವಿಚಿತ್ರ ನಿದರ್ಶನವಿದೆ. ಅಮೆರಿಕದ ಪೂರ್ವ ಕರಾವಳಿಯ ಆಚೆ ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪ. ಹದಿನೇಳನೆಯ ಶತಮಾನದಿಂದ ಅಲ್ಲಿ ನೆಲೆಸಿದ ಕುಟುಂಬಗಳು ತಮ್ಮತಮ್ಮಲ್ಲೇ ಮದುವೆಯ ಸಂಬಂಧ ಬೆಳೆಸಿದ್ದರಿಂದ ಆನುವಂಶಿಕ ಕಿವುಡು ಹೆಚ್ಚಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ದ್ವೀಪದಲ್ಲಿ ಸುಮಾರು 155 ಜನರಿಗೊಬ್ಬರು, ಚಿಲ್‌ಮಾರ್ಕ್ ಎಂಬ ಊರಿನಲ್ಲಿ 25 ಜನರಿಗೊಬ್ಬರು ಹುಟ್ಟು ಕಿವುಡರಿದ್ದರು.

ಆ ಊರಿನಲ್ಲಿ ಕೇಳುವವರೂ ಕೇಳದವರೂ ಸಂಜ್ಞಾಭಾಷೆ ಬಲ್ಲವರಾಗಿದ್ದರು. ಮೀನುಗಾರರು ದೋಣಿಯಿಂದ ದೋಣಿಗೆ ಕೈಯಲ್ಲೇ ಮಾತನಾಡುತ್ತಿದ್ದರು. ಅಲೆಗಳ ಸದ್ದಿನಲ್ಲಿ ಅದೇ ಅನುಕೂಲ. ಕಿವುಡರು ಹೊಲ ಉತ್ತರು, ಹಡಗು ನಡೆಸಿದರು, ಊರಿನ ಹುದ್ದೆಗಳನ್ನು ಹಿಡಿದರು, ಕೇಳುವವರನ್ನೇ ಮದುವೆಯಾದರು. ಮಾನವಶಾಸ್ತ್ರಜ್ಞೆ ನೋರಾ ಎಲೆನ್ ಗ್ರೋಸ್ ಅಲ್ಲಿಯ ವೃದ್ಧರನ್ನು ಕಂಡು ವಿಚಾರಿಸಿ 1985ರಲ್ಲಿ ಪುಸ್ತಕ ಬರೆದರು. ಆ ವೃದ್ಧರಿಗೆ ಹಿಂದಿನ ನೆರೆಹೊರೆಯವರ ಬೇಸಾಯ, ಹಾಸ್ಯ, ಜಿಪುಣತನ ಎಲ್ಲವೂ ನೆನಪಿತ್ತು. ಅವರಲ್ಲಿ ಕಿವುಡರು ಯಾರು ಎಂಬುದನ್ನು ಮಾತ್ರ ಯೋಚಿಸಿ ಹೇಳಬೇಕಾಗುತ್ತಿತ್ತು. ಕಿವುಡಿನ ಪ್ರಮಾಣ ಅಷ್ಟು ಹೆಚ್ಚಿದ್ದ ಊರಿನಲ್ಲೇ ಕಿವುಡು ಒಂದು ಸುದ್ದಿಯಾಗದೆ ಉಳಿಯಿತು. ಕಿವಿಯ ಕೊರತೆ ಅಲ್ಲಿಯೂ ಇತ್ತು. ಭಾಷೆಯ ಕೊರತೆ ಇರಲಿಲ್ಲ. ಹೊರಗಿನವರೊಡನೆ ಸಂಬಂಧ ಬೆಳೆದಂತೆ ಆನುವಂಶಿಕ ಕಿವುಡು ಕಡಿಮೆಯಾಗಿ, 1952ರಲ್ಲಿ ಆ ಪರಂಪರೆಯ ಕೊನೆಯ ವ್ಯಕ್ತಿ ತೀರಿಕೊಂಡರು. ಅವರೊಡನೆ ಆ ಭಾಷೆಯೂ ಹೋಯಿತು.

ಕೈಸನ್ನೆಗಳಿಗೂ ವ್ಯಾಕರಣವುಂಟು ಎಂಬುದನ್ನು ವಿದ್ವತ್ಪ್ರಪಂಚ ಒಪ್ಪಿಕೊಂಡದ್ದು ಬಹಳ ತಡವಾಗಿ. ವಾಷಿಂಗ್ಟನ್ನಿನ ಗ್ಯಾಲುಡೆಟ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ವಿಲಿಯಂ ಸ್ಟೋಕಿ 1960ರಲ್ಲಿ ಅಮೆರಿಕದ ಸಂಜ್ಞಾಭಾಷೆಯ ರಚನೆಯನ್ನು ವಿಶ್ಲೇಷಿಸಿ ತೋರಿಸಿದಾಗ ಸಹೋದ್ಯೋಗಿಗಳೇ ನಕ್ಕರು. ಕೈಯ ಆಕಾರ, ಅದನ್ನು ಹಿಡಿಯುವ ಸ್ಥಾನ, ಚಲನೆ ಇವುಗಳಲ್ಲಿ ಒಂದು ಬದಲಾದರೂ ಅರ್ಥ ಬದಲಾಗುತ್ತದೆ, ನಮ್ಮ ಬಳೆ-ಮಳೆಗಳಂತೆಯೇ. ಹುಬ್ಬು, ಕಣ್ಣು, ತಲೆಯ ಅಲುಗಾಟ ಇವೂ ವ್ಯಾಕರಣದ ಅಂಗಗಳು.

ಭಾರತದ ಸಂಜ್ಞೆಗಳ ಕಥೆಗೆ ಹಿಮಾಚಲದ ಗಗ್ರೇತ್ ಎಂಬ ಊರಿನ ರೈತನ ಮಗನೊಬ್ಬ ಬಂದು ಸೇರುತ್ತಾನೆ. ಮದನ್ ವಸಿಷ್ಠ ಹನ್ನೊಂದನೆಯ ವಯಸ್ಸಿನಲ್ಲಿ ಕಾಯಿಲೆಯಿಂದ ಕಿವಿ ಕಳೆದುಕೊಂಡರು. ಶಾಲೆ ನಿಂತಿತು, ದನ ಕಾಯುತ್ತ, ಹೊಲದಲ್ಲಿ ದುಡಿಯುತ್ತ ಕೆಲವು ವರ್ಷಗಳು ಹೋದುವು. ಬಳಿಕ ದೆಹಲಿಗೆ ಹೋಗಿ ಛಾಯಾಗ್ರಹಣ ಕಲಿತರು. ತನ್ನಂತಹವರು ನೂರಾರು ಮಂದಿ ಇದ್ದಾರೆ, ಅವರಿಗೊಂದು ಭಾಷೆಯಿದೆ ಎಂಬುದು ತಿಳಿದದ್ದು ಅಲ್ಲಿಯ ಕಿವುಡರ ಗೆಳೆತನದಲ್ಲಿ. 1967ರಲ್ಲಿ ಅವರು ಗ್ಯಾಲುಡೆಟ್ ಕಾಲೇಜನ್ನು ಸೇರಿ, ಮುಂದೆ ಡಾಕ್ಟರೇಟ್ ಪಡೆದರು. 1977ರಲ್ಲಿ ಅವರೂ ಜೇಮ್ಸ್ ವುಡ್‌ವರ್ಡ್ ಮೊದಲಾದ ಭಾಷಾವಿಜ್ಞಾನಿಗಳೂ ಭಾರತಕ್ಕೆ ಬಂದು ದೆಹಲಿ, ಕಲಕತ್ತೆ, ಮುಂಬಯಿ ಮತ್ತು ಬೆಂಗಳೂರಿನ ಕಿವುಡರ ಸಂಜ್ಞೆಗಳನ್ನು ಸಂಗ್ರಹಿಸಿದರು. ನಾಲ್ಕು ನಗರಗಳ ಸಂಜ್ಞೆಗಳೂ ಒಂದೇ ಭಾಷೆಯ ಪ್ರಾಂತಭೇದಗಳೆಂದು ಕಂಡುಬಂತು. ಬೆಂಗಳೂರಿನ ಪ್ರಭೇದವೂ ಪ್ರತ್ಯೇಕ ಪುಸ್ತಕವಾಗಿ ಪ್ರಕಟವಾಯಿತು.

ಈ ಭಾಷೆ ಹಿಂದಿಯ ನಕಲೂ ಅಲ್ಲ, ಇಂಗ್ಲಿಷಿನ ನಕಲೂ ಅಲ್ಲ. ಕ್ರಿಯಾಪದ ಸಾಮಾನ್ಯವಾಗಿ ಕೊನೆಯಲ್ಲಿ ಬರುತ್ತದೆ. ಪ್ರಶ್ನೆಯ ಪದವೂ ಕೊನೆಗೇ: 'ನಿಮ್ಮ ಊರು ಯಾವುದು?' ಎಂದು ನಾವು ಹೇಳುವ ಕ್ರಮದಲ್ಲೇ ಅವರ ಕೈಯೂ ಚಲಿಸುತ್ತದೆ. ಅಮೆರಿಕದ ಕಿವುಡನೂ ಇಂಗ್ಲೆಂಡಿನ ಕಿವುಡನೂ ಒಂದೇ ಇಂಗ್ಲಿಷನ್ನು ಓದುವವರಾದರೂ ಅವರ ಸಂಜ್ಞಾಭಾಷೆಗಳು ಬೇರೆ. ಒಬ್ಬನದು ಇನ್ನೊಬ್ಬನಿಗೆ ತಿಳಿಯದು. ಭಾರತದಲ್ಲಿ ಇದಕ್ಕೆ ವಿರುದ್ಧ. ಧಾರವಾಡದ ಕಿವುಡ ತರುಣನೊಬ್ಬ ಪುಣೆಗೆ ಬಂದನೆನ್ನಿ. ಅವನ ಅಣ್ಣ ಮರಾಠಿ, ಹಿಂದಿಗಳಲ್ಲಿ ತಡವರಿಸುತ್ತ ಎರಡು ವರ್ಷ ಕಳೆದಾನು. ತಮ್ಮನು ಊರಿನ ಕಿವುಡರ ಸಂಘದ ಬಾಗಿಲಿಗೆ ಹೋದರೆ ಕೆಲವು ಪದಗಳ ವ್ಯತ್ಯಾಸದೊಡನೆ ಅಂದೇ ಹರಟೆಗೆ ಕೂರಬಲ್ಲ. ಹೊರನಾಡಿಗೆ ಬಂದು ಭಾಷೆಗಾಗಿ ಬೆವರು ಸುರಿಸಿದ ನಮ್ಮವರಿಗೆ ಇದು ಸಣ್ಣ ಸಂಗತಿಯಾಗಿ ತೋರಲಾರದು.

ಹೊರನಾಡಿನ ಮನೆ, ಮೂರು ಭಾಷೆ, ಒಂದು ಮಗು

ಆದರೆ ಅದೇ ಹೊರನಾಡಿನಲ್ಲಿ ಕನ್ನಡಿಗರ ಮನೆಯಲ್ಲಿ ಹುಟ್ಟುವ ಕಿವುಡ ಮಗುವಿನ ಸ್ಥಿತಿ ಬೇರೆ. ಕಿವುಡ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ತಂದೆತಾಯಿಗಳು ಕೇಳುವವರೇ. ಅವರಿಗೆ ಸಂಜ್ಞೆಯ ಗಂಧವೂ ಇರುವುದಿಲ್ಲ. ಮನೆಯಲ್ಲಿ ಕನ್ನಡ, ಹಲವರಲ್ಲಿ ತುಳುವೋ ಕೊಂಕಣಿಯೋ. ಚಾಳಿನಲ್ಲಿ ಹಿಂದಿ. ಶಾಲೆಯಲ್ಲಿ ಮರಾಠಿ ಅಥವಾ ಇಂಗ್ಲಿಷ್. ಮಾತಿನ ತರಬೇತಿ ಕೊಡುವವರು ಸಲಹೆ ನೀಡುತ್ತಾರೆ: ಮಗುವಿಗೆ ಗೊಂದಲವಾಗದಂತೆ ಮನೆಯಲ್ಲಿಯೂ ಶಾಲೆಯ ಭಾಷೆಯನ್ನೇ ಆಡಿರಿ. ತಂದೆತಾಯಿಗಳು ಎದೆ ಗಟ್ಟಿ ಮಾಡಿಕೊಂಡು ಮನೆಯೊಳಗಿನ ಕನ್ನಡಕ್ಕೆ ಬಾಗಿಲು ಹಾಕುತ್ತಾರೆ. ಬೇಸಿಗೆಯ ರಜೆಗೆ ಕುಂದಾಪುರಕ್ಕೋ ವಿಜಯಪುರಕ್ಕೋ ಹೋದಾಗ ಅಜ್ಜಿಗೆ ಮರಾಠಿ ಬಾರದು, ಮೊಮ್ಮಗುವಿಗೆ ಕನ್ನಡದ ತುಟಿ ತಿಳಿಯದು. ಅಜ್ಜಿ ತಲೆ ಸವರಿ ಉಂಡೆ ಕೊಡುತ್ತಾಳೆ. ಮಾತು ಅಲ್ಲಿಗೇ ನಿಲ್ಲುತ್ತದೆ.

ಇಷ್ಟು ತ್ಯಾಗಕ್ಕೂ ಫಲ ದೊರೆತರೆ ಮಾತಿಲ್ಲ. ಶ್ರವಣಯಂತ್ರದಿಂದಲೋ ಇಂಪ್ಲಾಂಟಿನಿಂದಲೋ ಚೆನ್ನಾಗಿ ಕೇಳಿಸಿಕೊಳ್ಳುವ ಮಗು ಮುಂದೆ ಎರಡು ಭಾಷೆಗಳನ್ನೂ ಕಲಿತೀತು. ಆದರೆ ಫಲ ದೊರೆಯದ ಮಗು ಏಳೆಂಟು ವಯಸ್ಸಿನಲ್ಲಿ ಕನ್ನಡವೂ ಇಲ್ಲದೆ, ಮರಾಠಿಯೂ ಇಲ್ಲದೆ, ಸಂಜ್ಞೆಯೂ ಇಲ್ಲದೆ ನಿಲ್ಲುತ್ತದೆ. 'ನಾಳೆ ಊರಿಗೆ ಹೋಗೋಣ', 'ನಿನಗೆ ಹೊಟ್ಟೆ ಎಲ್ಲಿ ನೋಯುತ್ತಿದೆ', 'ಅಜ್ಜ ತೀರಿಹೋದರು' ಎಂಬಷ್ಟನ್ನೂ ಅದಕ್ಕೆ ತಿಳಿಸುವ ದಾರಿ ಮನೆಯವರಿಗಿಲ್ಲ. ಮಿಲಾನಿನ ಠರಾವಿಗಿಂತ ಕ್ರೂರವಾದ ಸ್ಥಿತಿ ಇದು, ಇಲ್ಲಿ ಯಾರ ದುರುದ್ದೇಶವೂ ಇಲ್ಲದ ಕಾರಣಕ್ಕೆ.

ಸನ್ನೆ ಕಲಿಸಿದರೆ ಮಗು ಮಾತು ಕಲಿಯುವುದಿಲ್ಲ ಎಂಬ ಭಯ ಇದರ ಮೂಲದಲ್ಲಿದೆ. ಕಿವುಡ ತಂದೆತಾಯಿಗಳಿಗೆ ಹುಟ್ಟಿ, ತೊಟ್ಟಿಲಿನಿಂದಲೇ ಸಂಜ್ಞೆ ಕಂಡು ಬೆಳೆದ ಕಿವುಡ ಮಕ್ಕಳು ಓದುಬರಹದಲ್ಲಿ ಇತರ ಕಿವುಡ ಮಕ್ಕಳಿಗಿಂತ ಹಿಂದಾಗಿಲ್ಲ, ಮುಂದಿದ್ದಾರೆ ಎಂದು ಅಮೆರಿಕದಲ್ಲಿ 1960ರ ದಶಕದಿಂದಲೇ ನಡೆದ ಅಧ್ಯಯನಗಳು ತೋರಿಸಿವೆ. ಮೊದಲು ಒಂದು ಭಾಷೆ ಗಟ್ಟಿಯಾಗಿ ಕುಳಿತರೆ ಅದರ ಮೇಲೆ ಎರಡನೆಯದನ್ನು ಕಟ್ಟಬಹುದು. ಬರೆಯುವ ಕನ್ನಡವನ್ನೂ ಕಟ್ಟಬಹುದು. ಯಂತ್ರವೂ ಇರಲಿ, ತರಬೇತಿಯೂ ಇರಲಿ, ಅದರ ಜೊತೆಗೆ ಸಂಜ್ಞೆಯೂ ಇರಲಿ ಎನ್ನುವವರ ಮಾತು ಲೆಕ್ಕದ ದೃಷ್ಟಿಯಿಂದಲೂ ವಿವೇಕದ್ದು. ಇದ್ದ ಹಣವನ್ನೆಲ್ಲ ಒಂದೇ ಕಂಪನಿಯ ಷೇರಿನಲ್ಲಿ ತೊಡಗಿಸಬೇಡಿ ಎಂದು ಬ್ಯಾಂಕಿನವರು ಗ್ರಾಹಕರಿಗೆ ಹೇಳುವುದಿಲ್ಲವೇ? ಇಡೀ ಮನೆಯವರು ಈ ವಯಸ್ಸಿನಲ್ಲಿ ಹೊಸ ಭಾಷೆ ಕಲಿಯುವುದು ಹೇಗೆ ಎಂದು ಕೇಳುವವರಿದ್ದಾರೆ. ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದಿಳಿದಾಗ ಅವರೇ ಇನ್ನೂ ಎರಡು ಭಾಷೆಗಳನ್ನು ಕಲಿತಿದ್ದರು, ಅದೂ ರೈಲುಗಾಡಿಯಲ್ಲಿ ನಿಂತುಕೊಂಡು.

ಹಕ್ಕಿನ ದಾರಿ

ಕಿವುಡರು ತಮ್ಮ ಪರವಾಗಿ ತಾವೇ ನಿಂತ ಪ್ರಸಂಗಗಳಲ್ಲಿ 1988ರ ಮಾರ್ಚಿನದು ಪ್ರಸಿದ್ಧ. ಗ್ಯಾಲುಡೆಟ್ ಕಾಲೇಜಿಗೆ 1864ರಲ್ಲಿ ಪದವಿ ನೀಡುವ ಅಧಿಕಾರಕ್ಕೆ ಸಹಿ ಹಾಕಿದವರು ಅಬ್ರಹಾಂ ಲಿಂಕನ್. ಅಂದ ಮೇಲೆ ಕಿವುಡರಿಗಾಗಿಯೇ ಇರುವ ಆ ವಿದ್ಯಾಲಯಕ್ಕೆ 124 ವರ್ಷಗಳಲ್ಲಿ ಒಬ್ಬ ಕಿವುಡ ಅಧ್ಯಕ್ಷನೂ ಆಗಿರಲಿಲ್ಲ. ಆ ವರ್ಷವೂ ಆಡಳಿತ ಮಂಡಲಿ ಸಂಜ್ಞಾಭಾಷೆ ಅರಿಯದ, ಕೇಳುವ ಮಹಿಳೆಯೊಬ್ಬರನ್ನೇ ಆರಿಸಿತು. ವಿದ್ಯಾರ್ಥಿಗಳು ಗೇಟಿಗೆ ಅಡ್ಡನಿಂತರು, ರಾಜಧಾನಿಯ ಬೀದಿಗಳಲ್ಲಿ ಮೆರವಣಿಗೆ ಹೋದರು. ಒಂದು ವಾರದಲ್ಲಿ ಆರಿಸಲ್ಪಟ್ಟವರು ಹಿಂದೆ ಸರಿದರು, ಮಂಡಲಿಯ ಅಧ್ಯಕ್ಷೆ ರಾಜೀನಾಮೆ ಕೊಟ್ಟರು, ಕಿವುಡರಾದ ಐ. ಕಿಂಗ್ ಜೋರ್ಡನ್ ಅಧ್ಯಕ್ಷರಾದರು.

ನಮ್ಮಲ್ಲಿ ದಾರಿ ಕಾಯಿದೆಗಳ ಮೂಲಕ ಸಾಗಿತು. 1995ರ ಕಾಯಿದೆ ಸರ್ಕಾರಿ ನೌಕರಿಯಲ್ಲಿ ಅಂಗವಿಕಲರಿಗೆ ಶೇಕಡಾ 3ರ ಮೀಸಲಾತಿ ಕೊಟ್ಟಿತು. ಸಂಜ್ಞಾಭಾಷೆಗಳನ್ನೂ ಭಾಷೆಗಳೆಂದೇ ಎಣಿಸುವ ವಿಶ್ವಸಂಸ್ಥೆಯ 2006ರ ಒಡಂಬಡಿಕೆಗೆ ಭಾರತ 2007ರಲ್ಲಿ ಅಂಗೀಕಾರ ನೀಡಿತು. 2016ರ ಕಾಯಿದೆ ಮೀಸಲಾತಿಯನ್ನು ಶೇಕಡಾ 4ಕ್ಕೆ ಏರಿಸಿ, ಅದರಲ್ಲಿ 1ನ್ನು ಕಿವುಡರಿಗೂ ಮಂದಶ್ರವಣದವರಿಗೂ ಇಟ್ಟಿತು. ಎರಡೂ ಕಿವಿಗಳಲ್ಲಿ 70 ಡೆಸಿಬೆಲ್ ನಷ್ಟವಾದರೆ ಕಿವುಡು, 60ರಿಂದ 70ರ ನಡುವಿದ್ದರೆ ಮಂದಶ್ರವಣ ಎಂಬುದು ಅದರ ಅಳತೆ. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞಾಭಾಷೆಯ ಸಂಶೋಧನೆ ಮತ್ತು ತರಬೇತಿಯ ಕೇಂದ್ರ ತೆರೆಯಿತು. ಅದರ ನಿಘಂಟು 2018ರಲ್ಲಿ 3 ಸಾವಿರ ಪದಗಳಿಂದ ಆರಂಭವಾಗಿ 2021ರಲ್ಲಿ 10 ಸಾವಿರಕ್ಕೆ ಬೆಳೆಯಿತು. ಮನೆಯಲ್ಲಿ ಕುಳಿತೇ ಇಂಟರ್ನೆಟ್ಟಿನಲ್ಲಿ ಅದರ ಚಲನಚಿತ್ರಗಳನ್ನು ನೋಡಿ ಕಲಿಯಬಹುದು. ದುಭಾಷಿಗಳು ಮಾತ್ರ ದೇಶದ ಅಗತ್ಯಕ್ಕೆ ಹೋಲಿಸಿದರೆ ಬೆರಳೆಣಿಕೆಯಷ್ಟು.

ದುಭಾಷಿ ಇದ್ದರೆ ಏನು ಸಾಧ್ಯ ಎಂಬುದು 2023ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟಿನಲ್ಲಿ ಕಂಡಿತು. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ವಿಡಿಯೋ ಮೂಲಕ ಹಾಜರಾಗಿದ್ದರು. ಸೌರವ್ ರಾಯ್‌ಚೌಧುರಿ ಅವರ ದುಭಾಷಿ. ದುಭಾಷಿಯ ಚಿತ್ರವನ್ನು ಉದ್ದಕ್ಕೂ ತೆರೆದಿಡಲು ನಿಯಂತ್ರಣ ಕೊಠಡಿಯವರು ಮೊದಲು ಒಪ್ಪಲಿಲ್ಲ. ಕೈ ಕಾಣದ ದುಭಾಷಿಯಿಂದ ಏನು ಪ್ರಯೋಜನ? ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡರು ಅನುಮತಿ ಕೊಟ್ಟ ಮೇಲೆ ಕಲಾಪ ಮುಂದುವರಿಯಿತು. 2024ರ ಏಪ್ರಿಲಿನಲ್ಲಿ ಅದೇ ವಕೀಲೆ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರೆದುರು ಸಂಜ್ಞಾಭಾಷೆಯಲ್ಲಿ ವಾದಿಸಿದರು. ಅವರ ವಾದವನ್ನು ಧ್ವನಿಗೆ ತಂದದ್ದು ದುಭಾಷಿಯಾದರೂ ವಾದ ಅವರದೇ.

ಬ್ಯಾಂಕುಗಳ ಮಾತಿಗೆ ಮರಳಿದರೆ, ವಿಡಿಯೋ ಮೂಲಕ ಗ್ರಾಹಕರ ಗುರುತನ್ನು ಪರಿಶೀಲಿಸುವ ಪದ್ಧತಿಗೆ ರಿಸರ್ವ್ ಬ್ಯಾಂಕು 2020ರಲ್ಲಿ ಅವಕಾಶ ಕೊಟ್ಟಿತು. ಅಧಿಕಾರಿ ಕೇಳುವ ಪ್ರಶ್ನೆಗೆ ಗ್ರಾಹಕರು ಉತ್ತರ ಹೇಳಬೇಕು, ಕಣ್ಣು ಮಿಟುಕಿಸಬೇಕು ಇತ್ಯಾದಿ. ಕಣ್ಣು ಮಿಟುಕಿಸಲಾಗದ ಆಸಿಡ್ ದಾಳಿಯ ಸಂತ್ರಸ್ತರೂ ದೃಷ್ಟಿಹೀನರೂ ನ್ಯಾಯಾಲಯದ ಮೊರೆಹೊಕ್ಕಾಗ, ಇಂತಹ ಸೌಲಭ್ಯಗಳು ಎಲ್ಲರ ಕೈಗೆಟುಕುವಂತಿರುವುದು ಬದುಕುವ ಹಕ್ಕಿನ ಭಾಗವೇ ಎಂದು ಸುಪ್ರೀಂ ಕೋರ್ಟು 2025ರ ಏಪ್ರಿಲಿನಲ್ಲಿ ತೀರ್ಪಿತ್ತಿತು. ಕಿವುಡರಿಗೂ ಇದರಿಂದ ದಾರಿ ತೆರೆಯಬೇಕಾಗಿದೆ: ಫೋನಿನ ಬದಲು ಸಂದೇಶ, ಸಹಾಯವಾಣಿಯಲ್ಲಿ ಸಂಜ್ಞೆ ಬಲ್ಲ ದುಭಾಷಿ, ಶಾಖೆಯಲ್ಲಿ ಹತ್ತಿಪ್ಪತ್ತು ಸಂಜ್ಞೆಗಳನ್ನಾದರೂ ಕಲಿತ ಒಬ್ಬ ನೌಕರ. ಕಾಗದ, ಪೆನ್ನು ಕೊಟ್ಟರೆ ಸಾಲದೇ ಎಂಬ ಮಾತು ಎಲ್ಲರಿಗೂ ಒಪ್ಪುವುದಿಲ್ಲ. ಶಾಲೆಯಲ್ಲಿ ಭಾಷೆಯೇ ದಕ್ಕದವರಿಗೆ ಉದ್ದನೆಯ ಇಂಗ್ಲಿಷ್ ವಾಕ್ಯ ಬರೆದು ತೋರಿಸುವುದು ಹೊಸದೊಂದು ಗೋಡೆ.

ಇವೆಲ್ಲಕ್ಕೂ ಆಡಳಿತದ ಅಪ್ಪಣೆ ಬೇಕು, ಹಣ ಬೇಕು, ಕಾಲ ಬೇಕು. ಕೌಂಟರಿನ ಮುಂದೆ ಅಣ್ಣನೊಡನೆ ಬಂದು ನಿಂತ ಆ ಗೃಹಸ್ಥರ ಮುಖ ನೋಡುವುದಕ್ಕೆ ಇದಾವುದೂ ಬೇಕಾಗಿಲ್ಲ. ಎಷ್ಟು ಬೇಕೆಂದು ಅಣ್ಣನನ್ನು ಕೇಳುವ ಮುನ್ನ ಗುಮಾಸ್ತರು ಕೈಯಲ್ಲಿರುವ ಚೀಟಿಯನ್ನು ನೋಡಬಹುದು. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಅವರೇ ಬರೆದು, ಕೆಳಗೆ ಸಹಿ ಹಾಕಿರುತ್ತಾರೆ.